ಗೋಡೆಗೆ ನೇತುಬಿದ್ದ ಚಪ್ಪಟೆ ಸ್ಪೀಕರು

ಮೇ ೧೪, ಬುಧವಾರ

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ನಿಂತ ಕೈ ಇದು, ಮನ್ನಿಸು ಪುಸ್ತಕವೇ.

ಸ್ಪೀಕರು ಮಾರುವ ಆ ಅಂಗಡಿಯವನ ಮೇಲೆ ನನಗೆ ನಂಬಿಕೆಯಿಲ್ಲ. ನಿನ್ನೆ ಅವನ ಗೋಡೆಯ ಮೇಲೆ ಫೋಟೊದಂತೆ ನೇತಾಡುತ್ತಿದ್ದ ಚಪ್ಪಟೆ ಸ್ಪೀಕರಿನಲ್ಲಿ ರಾಕ್ ಹಾಡು ಕೇಳಿ ಅಣ್ಣ ಕುಣಿದೇಬಿಟ್ಟ. ಆದರೆ ಡ್ರಮ್ಮಿನ ಏಟು ನನ್ನ ಅಂಗಾಲಿಗೆ ಬಂದದ್ದು ಗೋಡೆಯಿಂದಲ್ಲ, ನೆಲದವರೆಗೆ ಬಟ್ಟೆ ಇಳಿಬಿಟ್ಟಿದ್ದ ಮೇಜಿನ ಕಡೆಯಿಂದ. ಅದರ ಕೆಳಗೆ ಇನ್ನೊಂದು ದೊಡ್ಡ ಸ್ಪೀಕರು ಬಚ್ಚಿಟ್ಟಿದ್ದಾನೆಂದು ನನ್ನ ಗುಮಾನಿ.

ನಿನ್ನೆ ಸಂಜೆಯೇ ಅಣ್ಣ ಆ ಚಪ್ಪಟೆ ಸ್ಪೀಕರನ್ನು ತಂದು ನಮ್ಮ ಗೋಡೆಗೆ ಹಾಕಿದ. ಹಾಡುವವನ ದನಿ ಸ್ಪಷ್ಟವಾಗಿತ್ತು, ಗಿಟಾರೂ ಚೆನ್ನಾಗಿತ್ತು. ಡ್ರಮ್ಮು ಮಾತ್ರ ಬಿಸ್ಕತ್ತಿನ ಡಬ್ಬ ತಟ್ಟಿದ ಹಾಗಿತ್ತು.

"ಏನ್ರೀ, ನಿಮ್ಮ ಡ್ರಮ್ಮಿನವ್ನು ಊಟ ಮಾಡ್ಲಿಲ್ವಾ?" ಅತ್ತಿಗೆ ನಕ್ಕರು.

"ಸುಮ್ನಿರೇ, ಕಿವಿಗೆ ರೂಢಿ ಆಗ್ಬೇಕು" ಎಂದ ಅಣ್ಣನ ಮುಖ ಸಣ್ಣದಾಗಿತ್ತು. ದುಡಿದು ಬಂದ ಮೇಲೆ ಆ ಏಟು ಎದೆಗೆ ಬಿದ್ದರೇನೇ ಅವನಿಗೆ ಅನ್ನ ಇಳಿಯುವುದು.

ಬದಲಿಗೆ ನಮ್ಮ ಹಳೆಯ ಮರದ ಸ್ಪೀಕರುಗಳನ್ನು ಒಯ್ಯಲು ಅಂಗಡಿಯವನು ನಾಳೆ ಬರುತ್ತಾನಂತೆ. ಅವನು ಹೇಳಿದ ಹಾಗೆ ಅವು ಅಷ್ಟು ಕೆಲಸಕ್ಕೆ ಬಾರದವಾದರೆ ಅವನಿಗೇಕೆ ಬೇಕು? ಕಣ್ಣು ಎಳೆಯುತ್ತಿದೆ. ಇವತ್ತು ಬೆಳಿಗ್ಗೆ ಯಾರೂ ಏಳುವ ಮೊದಲೇ ಅವನ್ನು ನನ್ನ ಮಂಚದ ಕೆಳಗೆ ತಳ್ಳಿ, ಹೊದಿಕೆಯನ್ನು ನೆಲದವರೆಗೆ ಇಳಿಬಿಟ್ಟಿದ್ದೇನೆ.