ಬೂದು ಬಣ್ಣದ ಹದಿನೈದು ನಿಮಿಷ

ಅಪ್ಪನಿಗೆ ನಮಸ್ಕಾರ,

ಬಡ್ತಿ ಸಿಕ್ಕಿತು. ಹಣಕಾಸು ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಸಮಯ ಉಳಿಸೋದು ಹೇಗೆ ಅಂತ ಹೇಳಿಕೊಡು ಅಂದರು ಮ್ಯಾನೇಜರ್. ನಾನು ಜಂಬದಿಂದ ನನ್ನ ಕ್ಯಾಲೆಂಡರನ್ನೇ ಪರದೆ ಮೇಲೆ ತೋರಿಸಿದೆ. ಕೆಂಪು ಅಂದರೆ ತುರ್ತು, ಹಸಿರು ಅಂದರೆ ಮೀಟಿಂಗು, ಬೂದು ಅಂದರೆ ಮುಂದಕ್ಕೆ ಹಾಕಬಹುದಾದ ಕೆಲಸ. ಬೂದು ಬಣ್ಣದಲ್ಲಿ ಇದ್ದದ್ದು ಒಂದೇ: "ಅಪ್ಪನ ಹತ್ತಿರ ಮಾತು, ಹದಿನೈದು ನಿಮಿಷ." ಯಾರೂ ನಗಲಿಲ್ಲ. ನನಗಂತೂ ತಲೆ ಎತ್ತೋಕಾಗಲಿಲ್ಲ.

ನೀವು ನನಗೆ ಹೇಳಬೇಕಾದ್ದನ್ನೆಲ್ಲ ಮೊದಲೇ ಚೀಟಿಗಳಲ್ಲಿ ಬರೆದುಕೊಂಡು ಫೋನಿನ ಮುಂದೆ ಕೂರ್ತೀರಂತೆ. ಹೊತ್ತು ಸಾಲದೆ ಉಳಿದ ಚೀಟಿಗಳಿಂದ ಒಂದು ಡಬ್ಬಿಯೇ ತುಂಬಿದೆಯಂತೆ. ಅಮ್ಮ ನಿನ್ನೆ ಬಾಯಿಬಿಟ್ಟಳು.

ಅವನ್ನು ಎಸೀಬೇಡಿ. ಶನಿವಾರ ಬರ್ತೀನಿ, ಎರಡು ದಿನ ಇರ್ತೀನಿ. ಡಬ್ಬಿಯ ತಳದಿಂದ ಶುರು ಮಾಡೋಣ.

ನಿಮ್ಮ ಮಗಳು