ಆ ಹೆಣ್ಣಾಳು ನಾನೇ!

ಬರ್ನ್‌ಹೆಡ್ ಜಮೀನು, ಬೆರಿಕ್‌ಶೈರ್
4 ಮಾರ್ಚ್ 1868

ನನ್ನ ಕಣ್ಮಣಿ ಎಫೀ,

ನಿನ್ನ ಕಾಗದ ಬಂತು. "ಅತ್ತೆ ಮದುವೆಯಾಗಿ ಹೋದ್ಮೇಲೆ ಹೊಲಕ್ಕೆ ಹೆಣ್ಣಾಳಿಲ್ಲ, ಶಾಲೆ ಬಿಟ್ಟು ನಾನೇ ಬರ್ತೀನಮ್ಮ, ಮನೆ ಉಳೀಲಿ" ಎಂದು ಬರೆದಿದ್ದೀಯಲ್ಲ, ಖಬರ್ದಾರ್! ಇನ್ನೊಮ್ಮೆ ಹಾಗೆ ಬರೆದರೆ ಕಾಗದವನ್ನು ಒಲೆಗೆ ಹಾಕಿ ಗಂಜಿ ಕಾಯಿಸಿಕೊಳ್ಳುತ್ತೇನೆ. ಹದಿನಾರು ವರ್ಷಕ್ಕೇ ಕೆಲ್ಸೊ ಪಟ್ಟಣದಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ತಾನೂ ಮೇಡಂ ಆಗಲು ಕಲಿಯುತ್ತಿರುವವಳು! ಟರ್ನ್‌ಬುಲ್ ವಂಶದಲ್ಲಿ ಇಂಥವಳು ಇನ್ನೊಬ್ಬಳು ಹುಟ್ಟಿದ್ದುಂಟೇ? ಇಡೀ ಸ್ಕಾಟ್ಲೆಂಡಿಗೆ ಕೇಳುವಂತೆ ಕೂಗಿ ಹೇಳುತ್ತೇನೆ, ಇಲ್ಲ!

ನಡೆದದ್ದನ್ನು ಕೇಳು. ಫೆಬ್ರವರಿ ಮುಗಿಯುವುದರೊಳಗೆ ಧಣಿಯೇ ಬಂದು ಉಳುವವನನ್ನು "ಇನ್ನೊಂದು ವರ್ಷ ಇರ್ತೀಯಾ?" ಎಂದು ಕೇಳಬೇಕು. ಕೇಳದಿದ್ದರೆ ಮೇ ತಿಂಗಳಲ್ಲಿ ಕೆಲಸವೂ ಇಲ್ಲ, ಧಣಿ ಕೊಟ್ಟ ಮನೆಯೂ ಖಾಲಿ. ತಾನಾಗಿ ಹೋಗಿ ಬೇಡುವ ಗಂಡಸು ಈ ಸೀಮೆಯಲ್ಲಿಲ್ಲ. ಈ ಸಲ ಧಣಿ ಕೇಳಲೇ ಇಲ್ಲವೆಂದು ನಿಮ್ಮಪ್ಪ ತಿಳಿದಿದ್ದಾನೆ. ಹನ್ನೊಂದು ವರ್ಷ ಉತ್ತ ಹೊಲ, ಕೈಯಾರೆ ಪಳಗಿಸಿದ ಜೋಡಿ ಕುದುರೆ, ಎಲ್ಲ ಬಿಡಬೇಕು. ಆದರೂ ಎಂದಿನಂತೆ ಪೈಪ್ ಹಚ್ಚಿಕೊಂಡು ಕುದುರೆ ಉಜ್ಜಲು ಹೋಗುತ್ತಾನೆ.

ನಿಜ ಬೇರೆಯೇ ಇದೆ, ನಿನಗೊಬ್ಬಳಿಗೇ ಹೇಳುತ್ತೇನೆ. ಧಣಿ ಡಾಡ್ಸ್ ನನ್ನ ಬಾಗಿಲಿಗೆ ಬಂದಿದ್ದರು.

"ನಿನ್ನ ಗಂಡ ನಿನಿಯನ್ ಇರ್ಲಿ ಗ್ರಿಝೆಲ್. ಆದ್ರೆ ಉಳೋನು ತನ್ನ ಜೊತೆ ಒಬ್ಬ ಹೆಣ್ಣಾಳನ್ನೂ ಕೊಡ್ಬೇಕಲ್ಲ, ಅದು ಕರಾರು. ಮಗಳನ್ನ ಕರೆಸು."

"ಅವಳು ಬರಲ್ಲ ಧಣಿ. ನಾನೇ ಬರ್ತೀನಿ."

"ನಲವತ್ತಾರರ ಮುದುಕಿ ನೀನು! ಟರ್ನಿಪ್ ಸಾಲಲ್ಲಿ ಬಗ್ಗಿದ್ರೆ ಎತ್ತಿ ನಿಲ್ಸೋಕೆ ಇನ್ನೊಂದು ಆಳು ಬೇಕು."

"ನಾನು ಬಗ್ಗೋದು ಟರ್ನಿಪ್ಪಿಗೆ ಧಣಿ, ನಿಮಗಲ್ಲ!"

ಬಾಗಿಲು ಹಾಕಿದೆ. ನಿಮ್ಮಪ್ಪನಿಗೆ ಹೇಳಲಿಲ್ಲ. ಹೇಳಿದರೆ ಆ ಕುದುರೆಗಳ ಮೇಲಿನ ಮೋಹಕ್ಕೆ ನಿನ್ನನ್ನು ಕರೆಸಿಬಿಡುತ್ತಾನೆಂಬ ಭಯ.

ನಿನ್ನೆ ಡನ್ಸ್ ಪೇಟೆಯಲ್ಲಿ ವರ್ಷದ ಕೆಲಸಕ್ಕೆ ಆಳು ಹಿಡಿಯುವ ಸಂತೆ, ನಾವಿಬ್ಬರೂ ಹೋಗಿದ್ದೆವು. ಇಬ್ಬರು ಜಮೀನುದಾರರು ನಿಮ್ಮಪ್ಪನ ತೋಳು ನೋಡಿ ಮೆಚ್ಚಿದರು, ಹೆಣ್ಣಾಳಿಲ್ಲವೆಂದು ಕೇಳಿ ಬೆನ್ನು ತಿರುಗಿಸಿದರು. ಮೂರನೆಯವನೂ ಕೇಳಿದ: "ಹುಡುಗಿ ಎಲ್ಲಯ್ಯಾ?"

ತಲೆ ಮೇಲೆ ಹೊದ್ದಿದ್ದ ಶಾಲನ್ನು ಹಿಂದಕ್ಕೆ ಎಸೆದು ಮುಂದೆ ಬಂದೆ. "ಆ ಹುಡುಗಿ ನಾನೇ!"

ಸಂತೆಗೆ ಸಂತೆಯೇ ಗೊಳ್ಳೆಂದಿತು. ಯಾವನೋ ಕೂಗಿದ: "ಹಲ್ಲು ಎಣಿಸಿ ತಗೊಳ್ರಪ್ಪೋ!"

"ಬಾ, ಬೆರಳಿಟ್ಟು ಎಣಿಸು!" ಎಂದೆ.

ಜಮೀನುದಾರ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಗಂಟಲೇ ಇಷ್ಟಿದ್ರೆ ತೋಳು ಇನ್ನೆಷ್ಟಿರಬೇಡ! ಇಬ್ರೂ ಬನ್ನಿ."

ಮೇ ತಿಂಗಳಲ್ಲಿ, ನಾವೇ ತಂದು ಕೂರಿಸಿದ್ದ ಕಿಟಕಿ ಬಿಚ್ಚಿ, ಮಂಚ ಕಳಚಿ, ಕೋಳಿಗಳನ್ನು ಬುಟ್ಟಿಯಲ್ಲಿಟ್ಟು ಹನ್ನೆರಡು ಮೈಲಿ ದೂರದ ಹೊಸ ಧಣಿಯ ಜಮೀನಿಗೆ ಗಾಡಿ ಮೇಲೆ ಹೊರಡುತ್ತೇವೆ. ತಲೆ ಎತ್ತಿಕೊಂಡೇ! ನೀನು ಪರೀಕ್ಷೆ ಮುಗಿಸು.

ಹೊಲಕ್ಕಿಳಿಯಲು ತೋಳೇರಿಸಿ ನಿಂತಿರುವ ನಿನ್ನ ತಾಯಿ,
ಗ್ರಿಝೆಲ್ ಟರ್ನ್‌ಬುಲ್

ಮರೆಯಲಾಗದ ಇನ್ನೊಂದು ಮಾತು: ಕಾಗದ ಮಡಿಸುವಾಗ ನಿಮ್ಮಪ್ಪ "ಏನು ಬರೆದೆ, ಓದೇ" ಎಂದ. ಇನ್ನೇನು ಮುಚ್ಚಿಡುವುದೆಂದು ಎಲ್ಲವನ್ನೂ ಓದಿಬಿಟ್ಟೆ. ಬಾಯಿಂದ ಪೈಪ್ ತೆಗೆದು ಹೇಳಿದ: "ಧಣಿ ಮೊದ್ಲು ಬಂದಿದ್ದು ನನ್ನ ಹತ್ರ ಕಣೇ. ಮಗಳನ್ನ ಕರೆಸಲ್ಲ ಅಂದೆ. ಹಂಗಾದ್ರೆ ನಿನ್ನ ಹೆಂಡ್ತೀನೇ ಕೇಳ್ತೀನಿ ಅಂತ ಹೊರಟ. ಮನೆ ಆಸೆಗೆ ನೀನೆಲ್ಲಿ ಹ್ಞೂಂ ಅಂದು ಎಫೀಗೆ ಬರೆದುಬಿಡ್ತೀಯೋ ಅಂತ ಮೂರು ವಾರದಿಂದ ನಂಗೆ ಊಟ ಸೇರಿಲ್ಲ." ಆಮೇಲೆ ನಾವಿಬ್ಬರೂ ನಕ್ಕ ನಗುವಿಗೆ ಪಕ್ಕದ ಮನೆಯವರು ಗೋಡೆ ಗುದ್ದಿದರು!