ಮಾಲವ್ವ ತಟ್ಟದ ಚಪ್ಪಾಳೆ

ಬಂಗೂರನಗರ, ದಾಂಡೇಲಿ

ಮಾಲವ್ವ,

ಎರಡು ವಾರದಿಂದ ನೀನು ಕಾಲೇಜಿಗೆ ಬಂದಿಲ್ಲ. ಕಾರಣ ನನಗೆ ಗೊತ್ತು.

ನಿಮ್ಮೂರು ಚಿಗಳ್ಳಿಯ ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪ್ ಮಾಡಿದವಳು ನೀನು. ಹಳಿಯಾಳದ ವಿದ್ಯಾರ್ಥಿ ಸಾಫ್ಟ್‌ವೇರ್ ಸಮ್ಮೇಳನದಲ್ಲಿ ಅದನ್ನು ವಿವರಿಸಲು ನಾನು ಇಂಗ್ಲಿಷ್ ಚೆನ್ನಾಗಿ ಬರುವ ನಿನ್ನ ಸಹಪಾಠಿ ಸ್ವಪ್ನಾಳನ್ನು ವೇದಿಕೆಗೆ ಕಳಿಸಿದೆ.

"ನಾ ಕನ್ನಡದಾಗ ಹೇಳ್ತೇನ್ರಿ ಮೇಡಂ," ಎಂದಿದ್ದೆ ನೀನು.

"ಬ್ಯಾಡ, ಮಂದಿ ನಗ್ತಾರ," ಎಂದೆ ನಾನು.

ಆಮೇಲೆ ಇಂಗ್ಲಿಷಿನಲ್ಲಿ ಮಾತಾಡಿದ ಅತಿಥಿ ಎಂಜಿನಿಯರ್, ಇಂಗ್ಲಿಷ್ ಬಾರದೆ ಹಿಂದಿನ ಬೆಂಚಿನಲ್ಲಿ ಕೂತ ತಮ್ಮ ದಿನಗಳನ್ನು ನೆನೆದರು. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ನಾನೂ ಕಣ್ಣೊರೆಸಿಕೊಂಡು ತಟ್ಟಿದೆ. ಪಕ್ಕದಲ್ಲಿ ನೀನು ಕೈಕಟ್ಟಿ ಕೂತೇ ಇದ್ದೆ. ಪಾಪ, ಇವಳಿಗೆ ಭಾಷಣ ಅರ್ಥವಾಗಲಿಲ್ಲ ಎಂದುಕೊಂಡೆ. ಅರ್ಥವಾಗದಿದ್ದುದು ನನಗೇ.

ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ ಇದೆ, ತಪ್ಪಿಸಬೇಡ. ಆ ದಿನ ಲ್ಯಾಬಿನಲ್ಲಿ ನಾನು ಇರದಂತೆ ನೋಡಿಕೊಂಡಿದ್ದೇನೆ.

ಪೂರ್ಣಿಮಾ